ಫೋನಿನಲ್ಲಿ ಬಂದ ಹಣ, ಅಂಚೆಯಲ್ಲಿ ಬಂದ ನೋಟಿಸು

ಕೇಳುಗರಿಗೆ ನಮಸ್ಕಾರ.

2025ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಅನೇಕ ಬೇಕರಿ, ಕಾಂಡಿಮೆಂಟ್ಸ್ ಮತ್ತು ಚಹಾದಂಗಡಿಗಳ ಗಲ್ಲಾದ ಮುಂದೆ ಅಂಟಿಸಿದ್ದ ಕ್ಯೂಆರ್ ಕೋಡಿನ ಹಾಳೆಗಳು ಮಾಯವಾಗಿ, ಆ ಜಾಗದಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು. ಯುಪಿಐ ಪಾವತಿಗಳ ಮಾಹಿತಿಯನ್ನು ತರಿಸಿಕೊಂಡ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಜಿಎಸ್‌ಟಿ ನೋಂದಣಿ ಇಲ್ಲದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿತ್ತು. ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬಂದ ಬರಹಗಳಲ್ಲಿ ಕೆಲವು ‘ಕಾನೂನು ಎಲ್ಲರಿಗೂ ಒಂದೇ’ ಎಂದವು, ಕೆಲವು ಬಡವರ ಹೊಟ್ಟೆಯ ಮೇಲೆ ಹೊಡೆದಂತಾಯಿತು ಎಂದವು. ಎರಡನ್ನೂ ಓದಿದ ಮೇಲೆ ನನ್ನನ್ನು ಕಾಡಿದ ಪ್ರಶ್ನೆ ಬೇರೆ: ಖಾತೆಗೆ ಬಂದ ಹಣವೆಲ್ಲ ವ್ಯಾಪಾರವೇ?

ಕಾನೂನೇನೋ ಹಳೆಯದೇ. ವರ್ಷದ ವಹಿವಾಟು ಸರಕಿನಲ್ಲಿ 40 ಲಕ್ಷ ರೂಪಾಯಿ, ಸೇವೆಯಲ್ಲಿ 20 ಲಕ್ಷ ರೂಪಾಯಿ ದಾಟಿದರೆ ನೋಂದಣಿ ಕಡ್ಡಾಯ. 40 ಲಕ್ಷವೆಂದರೆ ದಿನಕ್ಕೆ ಸುಮಾರು 11,000 ರೂಪಾಯಿ. ಬಸ್ ನಿಲ್ದಾಣದ ಪಕ್ಕದಲ್ಲಿ ಬೆಳಗಿನ ಜಾವವೇ ಬಾಗಿಲು ತೆರೆಯುವ ಬೇಕರಿಗೆ ಇದು ದೊಡ್ಡ ಮೊತ್ತವಲ್ಲ. ತರಕಾರಿಯನ್ನಷ್ಟೇ ಮಾರುವವರು ಎಷ್ಟೇ ಮಾರಿದರೂ ನೋಂದಣಿ ಮಾಡಿಸಬೇಕಿಲ್ಲ. ಹಾಲಿನ ಪ್ಯಾಕೆಟ್ಟಿಗೂ ತೆರಿಗೆಯಿಲ್ಲ. ಆದರೆ ಅದೇ ಅಂಗಡಿಯಲ್ಲಿ ಬಿಸ್ಕತ್ತನ್ನೂ ಮಾರಿದರೆ ಹಾಲಿನ ದುಡ್ಡೂ ಮಿತಿಯ ಲೆಕ್ಕಕ್ಕೆ ಸೇರುತ್ತದೆ. ಈ ಸೂಕ್ಷ್ಮವನ್ನು ಗಲ್ಲಾದಲ್ಲಿ ಕೂತವರಿಗೆ ಯಾರು ಹೇಳಿದ್ದರು?

ಯುಪಿಐ ದಾಖಲೆಯು ಎಷ್ಟು ಹಣ, ಯಾವಾಗ, ಯಾರಿಂದ ಬಂತು ಎಂಬುದನ್ನು ತಪ್ಪಿಲ್ಲದೆ ಹೇಳುತ್ತದೆ, ಏತಕ್ಕೆ ಬಂತು ಎಂಬುದನ್ನು ಹೇಳುವುದಿಲ್ಲ. ಒಂದೇ ಫೋನು, ಒಂದೇ ಖಾತೆ ಇಟ್ಟುಕೊಂಡವರಿಗೆ ಪಫ್ಸಿನ ಇಪ್ಪತ್ತು ರೂಪಾಯಿ, ತಮ್ಮನು ಹಿಂದಿರುಗಿಸಿದ ಕೈಗಡ, ಎತ್ತಿದ ಚೀಟಿಯ ಹಣ ಎಲ್ಲವೂ ಅಲ್ಲಿಗೇ ಬಂದು ಬೀಳುತ್ತವೆ. ನೋಟಿಸು ಬಂದ ಮೇಲೆ ಇದನ್ನು ಬಿಡಿಸಿ ತೋರಿಸುವ ಹೊಣೆ ಲೆಕ್ಕಪತ್ರವನ್ನೇ ಇಡದವರ ಮೇಲೆ ಬಿತ್ತು. ಇನ್ನೂ ಕಠಿಣವಾದದ್ದು ಹಿಂದಿನ ವರ್ಷಗಳ ಬಾಕಿ. ಜಿಎಸ್‌ಟಿ ಗಿರಾಕಿಯಿಂದ ಪಡೆದು ಕಟ್ಟುವ ತೆರಿಗೆ. 2021-22ರಲ್ಲಿ ಬನ್ನು ತಿಂದು ಹೋದ ಗಿರಾಕಿಯನ್ನು ಈಗ ಎಲ್ಲಿಂದ ಹುಡುಕಿ ತರುವುದು? ಕಾಲಕ್ಕೆ ಸರಿಯಾಗಿ ನೋಂದಾಯಿಸಿದ್ದರೆ ರಾಜಿ ತೆರಿಗೆ ಪದ್ಧತಿಯಲ್ಲಿ (ಕಾಂಪೊಸಿಷನ್ ಸ್ಕೀಮ್) ಸಣ್ಣ ವ್ಯಾಪಾರಿಗೆ ವಹಿವಾಟಿನ ಶೇ 1ರಷ್ಟರಲ್ಲಿ ಮುಗಿಯುತ್ತಿತ್ತು.

ರಾಜ್ಯದವರು ಕೇಂದ್ರದ ಕಡೆಗೂ ಕೇಂದ್ರದವರು ರಾಜ್ಯದ ಕಡೆಗೂ ಬೆರಳು ತೋರಿಸಿದ್ದು ನಿರೀಕ್ಷಿತವೇ. ವ್ಯಾಪಾರಿಗಳು ಜುಲೈ 25ಕ್ಕೆ ಬಂದ್ ಎಂದು ಸಾರಿದ್ದರು. 23ರಂದು ಅವರ ಪ್ರತಿನಿಧಿಗಳನ್ನು ಕರೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಭರವಸೆ ಕೊಟ್ಟ ಮೇಲೆ ವ್ಯಾಪಾರಿಗಳು ಬಂದ್ ಕೈಬಿಟ್ಟರು. ಅಲ್ಲಿಗೆ ಸುದ್ದಿಯೂ ತಣ್ಣಗಾಯಿತು.

ಹಾಗೆಂದು ಪಕ್ಕದ ಅಂಗಡಿಯವರು ತೆರಿಗೆ ಕಟ್ಟುತ್ತಿರುವಾಗ ಇವರಿಗೆ ಮಾತ್ರ ವಿನಾಯಿತಿ ಇರಲಿ ಎನ್ನಲಾರೆ. ಇಲಾಖೆ ಆ ಮಾಹಿತಿಯನ್ನು ನೋಡಬಾರದಿತ್ತು ಎಂದೂ ಹೇಳಲಾರೆ. ನೋಡುವುದಿದ್ದರೆ ಮೊದಲೇ ನೋಡಬೇಕಿತ್ತು. 40 ಲಕ್ಷ ದಾಟಿದ್ದನ್ನು ವರ್ಷಗಳ ಮೇಲೆ ಪತ್ತೆಹಚ್ಚಬಲ್ಲ ಕಂಪ್ಯೂಟರಿಗೆ, ಖಾತೆ 30 ಲಕ್ಷ ಮುಟ್ಟಿದಾಗಲೇ ‘ನಿಮ್ಮ ವಹಿವಾಟು ಮಿತಿಯ ಹತ್ತಿರ ಬಂದಿದೆ, ರಾಜಿ ತೆರಿಗೆಗೆ ಹೀಗೆ ಅರ್ಜಿ ಹಾಕಿ’ ಎಂದು ಅದೇ ಫೋನಿಗೆ ಕನ್ನಡದಲ್ಲಿ ಒಂದು ಸಂದೇಶ ಕಳುಹಿಸುವುದು ಕಷ್ಟದ ಕೆಲಸವೇನಲ್ಲ.