ವಾಲಿಗೂ ಮಾತಿರಲಿ
(ಶಿರಸಿಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ)

ಪ್ರಾಂಶುಪಾಲರೇ, ಗೆಳೆಯರೇ, ಮಕ್ಕಳೇ,

ಇವತ್ತಿನ ವಿಷಯ ಶೈಕ್ಷಣಿಕ ಸ್ವಾತಂತ್ರ್ಯ. ಬಿದಿರಿನ ಮಾತಿನಿಂದ ಶುರು ಮಾಡುತ್ತೇನೆ. 1970ರ ದಶಕದಲ್ಲಿ ನಮ್ಮ ಜಿಲ್ಲೆಯ ಕಾಡಿನಲ್ಲಿ ಬಿದಿರು ಕಡಿಮೆಯಾಗುತ್ತಾ ಬಂತು. ದಾಂಡೇಲಿಯ ಕಾಗದದ ಕಾರ್ಖಾನೆಯೇ ಎಲ್ಲವನ್ನೂ ಒಯ್ಯುತ್ತಿದೆ ಎಂದು ಬುಟ್ಟಿ ಹೆಣೆಯುವವರು ದೂರಿದರು. ಊರವರ ಕಡಿತ, ದನಗಳ ಮೇವು ಇದಕ್ಕೆ ಕಾರಣ ಎಂದು ಕಾರ್ಖಾನೆ ಕಡೆಯವರು ಹೇಳಿದರು. ಸರ್ಕಾರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರನ್ನು ಕೇಳಿತು. ಅವರೂ ಅವರ ಸಂಗಡಿಗರೂ ಬಂದು ಕಾಡು ಸುತ್ತಿದರು.

ಬಿದಿರು ಮೆಳೆಯ ಬುಡದಲ್ಲಿ ಮುಳ್ಳಿನ ಹೊದಿಕೆ ಇರುತ್ತದಲ್ಲ, ಕಾಡು ನೋಡಿಕೊಳ್ಳುವವರು ಅದನ್ನು ಸವರಿ ತೆಗೆಸುತ್ತಿದ್ದರು. ಮೆಳೆ ಬಿಡುವಾಗಿದ್ದರೆ ಚೆನ್ನಾಗಿ ಬೆಳೆಯುತ್ತದೆ ಅನ್ನುವುದು ಪುಸ್ತಕದ ಲೆಕ್ಕ. ಊರವರು ಒಪ್ಪಲಿಲ್ಲ. ಮುಳ್ಳು ಹೋದರೆ ಎಳೆ ಕಳಲೆ ದನಗಳ ಬಾಯಿಗೆ ಸಿಗುತ್ತದೆ ಎಂದರು. ವಿಜ್ಞಾನಿಗಳು ಮೆಳೆ ಮೆಳೆ ನೋಡಿ, ಲೆಕ್ಕ ಹಾಕಿದರು. ಊರವರ ಮಾತೇ ನಿಜವಾಗಿತ್ತು. ಅದನ್ನು ಹಾಗೆಯೇ ಬರೆದರು.

ಈ ಕೊನೆಯ ಮಾತನ್ನು ಗಮನಿಸಿ. ಕೆಲಸ ಕೊಟ್ಟದ್ದು ಸರ್ಕಾರ. ತಪ್ಪು ಕಂಡದ್ದು ಕಾಡು ನೋಡಿಕೊಳ್ಳುತ್ತಿದ್ದವರ ರೀತಿಯಲ್ಲಿ. ಆದರೂ ಬರೆಯಲು ಸಾಧ್ಯವಾಯಿತು. ಊರವರ ಮಾತು ಸುಳ್ಳಾಗಿದ್ದರೆ ಅದನ್ನೂ ಬರೆಯಬೇಕಿತ್ತು, ನಮಗೆ ಎಷ್ಟೇ ಬೇಜಾರಾದರೂ. ಶೈಕ್ಷಣಿಕ ಸ್ವಾತಂತ್ರ್ಯ ಅಂದರೆ ಬಾಯಿಗೆ ಬಂದದ್ದನ್ನು ಹೇಳುವುದಲ್ಲ. ಪೇಟೆಯ ಕಟ್ಟೆಯ ಮೇಲೆ ಕೂತು ಏನು ಬೇಕಾದರೂ ಹೇಳಬಹುದು, ಯಾರೂ ಸಾಕ್ಷಿ ಕೇಳುವುದಿಲ್ಲ. ಇಲ್ಲಿ ಹಾಗಲ್ಲ. ಹೇಗೆ ತಿಳಿಯಿತು ಎಂದು ತೋರಿಸಬೇಕು. ಇನ್ನೊಬ್ಬರು ಮತ್ತೆ ಅಳೆದು ನಿಮ್ಮನ್ನು ತಿದ್ದಲು ಬಿಡಬೇಕು.

ಜರ್ಮನಿಯ 1949ರ ಸಂವಿಧಾನದ 5ನೇ ವಿಧಿಯಲ್ಲಿ ಸಂಶೋಧನೆ ಮತ್ತು ಬೋಧನೆ ಸ್ವತಂತ್ರ ಎಂದು ಬಿಡಿಸಿ ಬರೆದಿದ್ದಾರೆ. ನಮ್ಮ ಸಂವಿಧಾನದಲ್ಲಿ ಹಾಗೆ ಬೇರೆ ಸಾಲಿಲ್ಲ. ಎಲ್ಲ ನಾಗರಿಕರಿಗೂ ಮಾತಿನ ಸ್ವಾತಂತ್ರ್ಯ ಕೊಡುವ 19(1)(ಎ) ವಿಧಿಯೇ ನಮಗೂ ಆಧಾರ. ಆದರೆ ಕಾನೂನಿಗಿಂತ ಜಾಸ್ತಿ ನನ್ನನ್ನು ಕಾಡುವುದು ಸ್ಟಾಫ್ ರೂಮಿನ ಭಯ. ನಮ್ಮ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಎಷ್ಟು ಪಾಠ ಅತಿಥಿ ಉಪನ್ಯಾಸಕರ ಹೆಗಲ ಮೇಲಿದೆ, ನಿಮಗೇ ಗೊತ್ತು. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ತಿಳಿಯದವರು ಕಷ್ಟದ ಪ್ರಶ್ನೆಯನ್ನು ತರಗತಿಗೆ ಹೇಗೆ ತಂದಾರು? ಅಮೆರಿಕದ ಪ್ರಾಧ್ಯಾಪಕರು 1915ರಲ್ಲಿ ಸಂಘ ಕಟ್ಟಿದಾಗಲೇ ಕೆಲಸದ ಭದ್ರತೆಯನ್ನೂ ಮಾತಿನ ಸ್ವಾತಂತ್ರ್ಯವನ್ನೂ ಒಟ್ಟಿಗೆ ಕೇಳಿದ್ದರು. ಒಂದು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ.

ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ಒಂದು ವಿಷಯ ಕೊಟ್ಟಿದ್ದೆ. 'ನಮ್ಮ ಜಿಲ್ಲೆಗೆ ಇನ್ನೊಂದು ದೊಡ್ಡ ಯೋಜನೆ ಬೇಕೇ?' ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ, ಕಾಳಿ ನದಿಯ ಅಣೆಕಟ್ಟುಗಳನ್ನು ಕಂಡ ಮಕ್ಕಳಿಗೆ ಇದಕ್ಕಿಂತ ಹತ್ತಿರದ ವಿಷಯ ಯಾವುದು? ಗಲಾಟೆ ಆದೀತು ಎಂದು ಹಿಂದಿನ ದಿನ ವಿಷಯ ಬದಲಿಸಿದರು. ಮಕ್ಕಳು ಮೊಬೈಲ್ ವರವೋ ಶಾಪವೋ ಎಂದು ಮಾತಾಡಿ ಮನೆಗೆ ಹೋದರು. ನಾನು ಸುಮ್ಮನಿದ್ದೆ. ಅದು ಇವತ್ತಿಗೂ ಮನಸ್ಸಿನಲ್ಲಿ ಚುಚ್ಚುತ್ತದೆ.

ಬೇಡ್ತಿ ನದಿಗೆ ಕಟ್ಟಬೇಕೆಂದಿದ್ದ ಅಣೆಕಟ್ಟಿನ ಬಗ್ಗೆ 1981ರಲ್ಲಿ ಇದೇ ಊರಿನಲ್ಲಿ ವಿಚಾರ ಸಂಕಿರಣ ನಡೆಯಿತು. ವಿಜ್ಞಾನಿಗಳು, ರೈತರು ಒಟ್ಟಿಗೆ ಕೂತು ಲಾಭ ನಷ್ಟ ಲೆಕ್ಕ ಹಾಕಿದರು. ಮುಂದೆ ನಿಂತದ್ದು ತೋಟಗಾರರ ಸೇಲ್ ಸೊಸೈಟಿ. ಅಡಿಕೆ ಮಾರುವ ಸಂಸ್ಥೆ ಮಾಡಿದ್ದನ್ನು ಕಲಿಸುವ ಸಂಸ್ಥೆ ಮಾಡಬಾರದೇ?

ನಮಗೆ ಇದು ಹೊಸದೂ ಅಲ್ಲ. ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ನಡೆಸುವ ತಾಳಮದ್ದಲೆಯಲ್ಲಿ ವಾಲಿವಧೆ ಕೇಳಿದ್ದೀರಲ್ವಾ? ಕೂತವರೆಲ್ಲ ರಾಮನ ಭಕ್ತರೇ. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಎಂದು ವಾಲಿ ಕೇಳುವ ಗಳಿಗೆಗೆ ಎಲ್ಲರೂ ಕಾಯುತ್ತಾರೆ. ವಾಲಿ ಸಪ್ಪೆಯಾದರೆ ರಾಮನ ಅರ್ಥವೂ, ಅಂದರೆ ಅವನ ಮಾತೂ, ಏಳುವುದಿಲ್ಲ. ಇವತ್ತು ವಾಲಿಯ ಅರ್ಥ ಹೇಳಿದವರು ನಾಳೆ ರಾಮನ ಅರ್ಥ ಹೇಳುತ್ತಾರೆ. ಅವರನ್ನು ರಾಮದ್ರೋಹಿ ಎಂದು ಯಾರೂ ಕರೆಯುವುದಿಲ್ಲ.

ಈಗ ಬೇಡ್ತಿಯ ನೀರನ್ನು ಹಾವೇರಿಯ ಕಡೆಗೆ ಒಯ್ಯುವ ಬೇಡ್ತಿ-ವರದಾ ನದಿ ಜೋಡಣೆಯ ಮಾತು ಎದ್ದಿದೆ. ನಾನೂ ಬೇಡ ಎನ್ನುವವನೇ. ಈ ಊರಿನಲ್ಲಿ ಹಾಗೆನ್ನುವುದಕ್ಕೆ ಧೈರ್ಯ ಏನೂ ಬೇಕಾಗಿಲ್ಲ. ಬೇಕು ಎನ್ನುವ ಹುಡುಗ ಈ ಸಭೆಯಲ್ಲಿ ಎದ್ದು ನಿಲ್ಲಬಲ್ಲನೇ? ನಿಂತರೆ ಪೂರ್ತಿ ಕೇಳಿಸಿಕೊಳ್ಳುತ್ತೇವೆಯೇ?

ಪ್ರಾಂಶುಪಾಲರಲ್ಲಿ ಒಂದು ಬೇಡಿಕೆ ಇದೆ. ಈ ವರ್ಷದ ಚರ್ಚಾಸ್ಪರ್ಧೆಗೆ ಇದೇ ವಿಷಯ ಇಡಿ. ಹಾವೇರಿಯ ಕಾಲೇಜಿನ ಮಕ್ಕಳನ್ನು ಕರೆಸಿ. ಪರವೋ ವಿರೋಧವೋ ಎಂದು ಚೀಟಿ ಎತ್ತಿಸಿ. ನಮ್ಮ ಹುಡುಗಿಗೆ ಪರ ಬಂದರೆ ಅವಳು ಹಾವೇರಿಯವರ ನೀರಿನ ಕಷ್ಟ ತಿಳಿದುಕೊಂಡು ಬಂದು ಹೇಳಲಿ. ಅವರ ಹುಡುಗನಿಗೆ ವಿರೋಧ ಬಂದರೆ ಅವನು ನಮ್ಮ ಕಾಡು, ತೋಟ ನೋಡಿಕೊಂಡು ವಾದಿಸಲಿ. ಅವರು ಬಂದು ಹೋಗುವ ಬಸ್ ಚಾರ್ಜ್ ನಾನು ಕೊಡುತ್ತೇನೆ.