ಕಾರು ಶೋರೂಮಿಗೋ, ಘಟ್ಟಕ್ಕೋ?

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಶಿರಸಿಯವರು ಕಾರಿನ ಬಗ್ಗೆ ಕೇಳಲು ಬಂದಿದ್ದೀರಿ, ಸಂತೋಷ. ನನ್ನ ತಕರಾರು ಇಷ್ಟೇ: ಈಗಿನ ಕಾರು ತಯಾರಾಗುವುದು ಶೋರೂಮಿನಲ್ಲಿ ಹತ್ತು ನಿಮಿಷ ಕೂತು ನೋಡುವವರಿಗಾಗಿ. ಅದನ್ನು ಓಡಿಸುವವರ ನೆನಪು ಕಂಪನಿಗೆ ಆಗುವುದು ಕೊನೆಗೆ.

ಕುಮಟೆಗೆ ಇಳಿಯುವ ದೇವಿಮನೆ ಘಟ್ಟವನ್ನೇ ತಗೊಳ್ಳಿ. ಆಷಾಢದ ಮಳೆ. ಕಾರಿನೊಳಗೆ ನಾಲ್ಕು ಜನ, ಒದ್ದೆ ಕೊಡೆ, ಒದ್ದೆ ಚಪ್ಪಲಿ. ಎರಡು ತಿರುವು ದಾಟುವುದರೊಳಗೆ ಮುಂದಿನ ಗಾಜು ಪೂರ್ತಿ ಮಸುಕು. ಇದು ಒಳಗಿನ ಹಬೆ, ವೈಪರ್‌ಗೆ ಜಗ್ಗುವುದಿಲ್ಲ. ಏಸಿ ಹಾಕಬೇಕು, ಹೊರಗಿನ ಗಾಳಿ ಬಿಟ್ಟುಕೊಳ್ಳಬೇಕು, ಗಾಳಿಯನ್ನು ಗಾಜಿನ ಕಡೆ ತಿರುಗಿಸಬೇಕು. ಕೆಳಗಿಳಿದು ಕಾರವಾರದ ಹೆದ್ದಾರಿ ಹಿಡಿದರೆ ಕತೆ ಉಲ್ಟಾ. ಅಲ್ಲಿನ ಸೆಕೆಗೆ ಏಸಿ ಜಾಸ್ತಿ ಮಾಡಿದಿರೋ, ಗಾಜು ಹೊರಗಡೆಯಿಂದ ಮಸುಕಾಗುತ್ತದೆ. ಆಗ ವೈಪರ್ ಆಡಿಸಿ ತಂಪು ಕಡಿಮೆ ಮಾಡಬೇಕು.

ಹಳೇ ಕಾರುಗಳಲ್ಲಿ ಇದಕ್ಕೆಲ್ಲ ಮೂರು ನಾಬ್ ಇರುತ್ತಿದ್ದವು. ಕಣ್ಣು ರಸ್ತೆ ಮೇಲಿದ್ದರೂ ಕೈಗೆ ಸಿಗುತ್ತಿದ್ದವು. ಈಗ ಎಷ್ಟೋ ಕಾರುಗಳಲ್ಲಿ ಸ್ಕ್ರೀನ್ ಮೇಲೆ ಏಸಿಯ ಚಿತ್ರ ಹುಡುಕಿ, ಇನ್ನೊಂದು ಪುಟಕ್ಕೆ ಹೋಗಿ, ಒದ್ದೆ ಬೆರಳಲ್ಲಿ ಒತ್ತಬೇಕು. ಒತ್ತಿತೋ ಇಲ್ಲವೋ ಅಂತ ಮತ್ತೆ ನೋಡಬೇಕು. ಅಷ್ಟರಲ್ಲಿ ತಿರುವಿನಿಂದ ಲಾರಿ ಬಂದಿರುತ್ತದೆ.

2022ರಲ್ಲಿ ಸ್ವೀಡನ್ನಿನ ಒಂದು ಕಾರು ಪತ್ರಿಕೆ ಇದನ್ನು ಅಳೆದೇ ನೋಡಿತು. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಓಡಿಸುತ್ತಾ ರೇಡಿಯೋ ಬದಲಿಸುವುದು, ಏಸಿ ಹೊಂದಿಸುವುದು, ಇಂಥ ನಾಲ್ಕು ಬಗೆಯ ಕೆಲಸ. 2005ರ ವೋಲ್ವೋ, ಬರೀ ಗುಂಡಿಗಳ ಕಾರು, 306 ಮೀಟರ್ ಓಡುವುದರೊಳಗೆ ಕೆಲಸ ಮುಗಿಯಿತು. ಸ್ಕ್ರೀನನ್ನೇ ನಂಬಿದ ಹೊಸ ಕಾರು ಎಂಜಿ ಮಾರ್ವೆಲ್ ಆರ್‌ಗೆ ಬೇಕಾದದ್ದು 1,372 ಮೀಟರ್!

ಹಾಗಾದರೆ ಕಂಪನಿಗಳು ಯಾಕೆ ಹೀಗೆ ಮಾಡುತ್ತವೆ? ಅಮೆರಿಕದಲ್ಲಿ 2018ರಿಂದ ಹೊಸ ಕಾರುಗಳಿಗೆಲ್ಲ ಹಿಂಬದಿ ಕ್ಯಾಮೆರಾ ಕಡ್ಡಾಯ. ಕ್ಯಾಮೆರಾ ಅಂದಮೇಲೆ ಸ್ಕ್ರೀನ್ ಬೇಕೇ ಬೇಕು. ಸ್ಕ್ರೀನ್ ಹೇಗೂ ಇದೆಯಲ್ಲ, ಎಲ್ಲಾ ಅದರೊಳಗೇ ತುರುಕಿದರಾಯ್ತು. ಒಂದೊಂದು ಗುಂಡಿಗೂ ಅಚ್ಚು, ವೈರು, ಜೋಡಣೆಯ ಖರ್ಚು ಇರುತ್ತದೆ, ಅದು ಉಳಿಯಿತು. ಕಂಪನಿ ಉಳಿಸಿದ್ದನ್ನೇ ನಮಗೆ ‘ಪ್ರೀಮಿಯಂ’ ಅಂತ ಮಾರುತ್ತಾರೆ, ನಾವೂ ಖುಷಿಯಿಂದ ತಗೊಳ್ಳುತ್ತೇವೆ. ಯುರೋಪಿನ ಸುರಕ್ಷತಾ ಪರೀಕ್ಷೆ ಯುರೋ ಎನ್‌ಕ್ಯಾಪ್‌ನವರಿಗೆ ಇದು ಸಾಕಾಗಿದೆ. 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್‌ನಂಥವಕ್ಕೆ ನಿಜವಾದ ಗುಂಡಿ ಇಲ್ಲದಿದ್ದರೆ ಅಂಕ ಕಡಿತ. ಆದರೆ ಆ ಪಟ್ಟಿಯಲ್ಲಿ ಏಸಿ ಇಲ್ಲ. ಅವರಿಗೆ ನಮ್ಮ ಘಟ್ಟದ ಮಳೆ ಏನು ಗೊತ್ತು ಬಿಡಿ.

ಹಳೇ ಕಾರುಗಳೇ ಚಿನ್ನ ಅಂತ ಹೊಗಳಲು ನಾನು ಬಂದಿಲ್ಲ. 2014ರಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಮ್ಮ ದೇಶದ ಐದು ಸಣ್ಣ ಕಾರುಗಳನ್ನು ಗುದ್ದಿಸಿ ನೋಡಿದಾಗ ಐದಕ್ಕೂ ಸೊನ್ನೆ ಸ್ಟಾರ್ ಬಂತು. ಈಗಿನ ಏರ್‌ಬ್ಯಾಗು, ಗಟ್ಟಿ ಬಾಡಿ ಎಲ್ಲ ಒಳ್ಳೆಯದೇ. ಜೀವ ಉಳಿಸುವ ಕಾರಿನಲ್ಲಿ ಒಂದು ನಾಬ್ ಇಟ್ಟರೆ ಇವರ ಗಂಟೇನು ಹೋಗುತ್ತದೆ?

ಇನ್ನು ಡಿಕ್ಕಿ, ಅಂದರೆ ಕಾರಿನ ಹಿಂದೆ ಸಾಮಾನು ಇಡುವ ಜಾಗ. 2006ರ ಬಜೆಟ್‌ನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡದಾದ, ಸಣ್ಣ ಎಂಜಿನ್ನಿನ ಕಾರುಗಳಿಗೆ ತೆರಿಗೆ ಇಳಿಸಿದರು. ಅಲ್ಲಿಂದ ಶುರುವಾಯಿತು ನೋಡಿ, ಉದ್ದ ಕಾರಿನ ಬಾಲ ಕತ್ತರಿಸುವ ಕೆಲಸ. ಹಿಂದೆ ಮೊಂಡಾಗಿ ನಿಂತ ಆ ಸೆಡಾನುಗಳನ್ನು ನೀವೂ ನೋಡಿರುತ್ತೀರಿ. ಅವುಗಳ ಆಕಾರ ಬರೆದದ್ದು ತೆರಿಗೆ ಲೆಕ್ಕದ ಗುಮಾಸ್ತ ಅಂದರೂ ತಪ್ಪಿಲ್ಲ.

ಉಳಿದ ಡಿಕ್ಕಿಯಲ್ಲಿ ಸ್ಟೆಪ್ನಿಗೂ ಈಗ ಜಾಗ ಕಮ್ಮಿ. 2020ರಲ್ಲಿ ಕೇಂದ್ರ ಸರ್ಕಾರವೇ ನಿಯಮ ಸಡಿಲಿಸಿತು: ಟ್ಯೂಬ್‌ಲೆಸ್ ಟಯರು, ಗಾಳಿ ಕಡಿಮೆಯಾದರೆ ಹೇಳುವ ಸೆನ್ಸರ್, ಪಂಕ್ಚರ್ ಕಿಟ್ ಇದ್ದರೆ ಸ್ಟೆಪ್ನಿ ಬೇಡ. ಮೊಳೆ ಚುಚ್ಚಿದರೆ ಕಿಟ್ಟಿನ ಅಂಟು ನಡೆಯುತ್ತದೆ, ಒಪ್ಪಿದೆ. ನಮ್ಮಲ್ಲಿ ಟಯರು ಹೋಗುವುದು ಹೆಚ್ಚಾಗಿ ಹಾಗಲ್ಲ. ಎದುರಿನ ಬಸ್ಸಿಗೆ ದಾರಿ ಬಿಡಲು ಡಾಂಬರಿನಿಂದ ಕೆಳಗಿಳಿಸುತ್ತೇವೆ, ಕಿತ್ತುಹೋದ ಅಂಚಿಗೆ ತಾಗಿ ಟಯರಿನ ಪಕ್ಕ ಸೀಳುತ್ತದೆ. ಆ ಸೀಳಿಗೆ ಅಂಟು ಹಾಕಿ ಪ್ರಯೋಜನವಿಲ್ಲ. ಫೋನ್ ಮಾಡೋಣ ಅಂದರೆ ಘಟ್ಟದಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಅದಕ್ಕೇ ಹೊಸ ಗಾಡಿ ನೋಡಲು ಹೋದಾಗ ಸ್ಕ್ರೀನ್ ಮುಟ್ಟುವ ಮೊದಲು ಡಿಕ್ಕಿಯ ಮ್ಯಾಟ್ ಎತ್ತಿ, ಕೆಳಗೆ ಚಕ್ರ ಇದೆಯಾ ನೋಡಿ. ಇಲ್ಲದಿದ್ದರೆ ಎಷ್ಟು ದುಡ್ಡಿಗೆ ಕೊಡುತ್ತೀರಿ ಅಂತ ಅಲ್ಲೇ ಕೇಳಿ.