ಆಟ ಆಡಿಸೋದಕ್ಕೂ ಫೀಸಾ?

ನಮಸ್ಕಾರ. ಮಾತು, ಬೆರಳಿನ ಕೆಲಸ ತಡವಾದ ಮಕ್ಕಳಿಗೆ ಕಲಿಸುವ ಮೈಸೂರಿನ ಯಾವುದೇ ಥೆರಪಿ ಸೆಂಟರ್‌ಗೆ ಹೋಗಿ, ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕೂತ ಅಪ್ಪ-ಅಮ್ಮಂದಿರ ಮಾತು ಕೇಳಿಸಿಕೊಳ್ಳಿ. ಒಂದು ಗೊಣಗಾಟ ಇದ್ದೇ ಇರುತ್ತದೆ. "ಒಳಗೆ ಏನ್ ಮಾಡ್ತಾರೆ ಗೊತ್ತಾ? ಆಟದ ಕಾರ್ ಬಿಡ್ತಾರೆ, ಸೋಪಿನ ಗುಳ್ಳೆ ಊದ್ತಾರೆ. ಇದಕ್ಕೆ ಮದ್ದೂರಿಂದ ಬಸ್ ಹತ್ಕೊಂಡ್ ಬರಬೇಕಾ?"

ಈ ಗೊಣಗಾಟ ಅರ್ಧ ಸರಿ. ಆಟದ ಸಾಮಾನು ಮಾಮೂಲಿಯದೇ, ಮಾಮೂಲಿಯಾಗಿಯೇ ಇರಬೇಕು ಅನ್ನೋದು ನನ್ನ ವಾದ. ಉಳಿದರ್ಧಕ್ಕೆ ಮಾತ್ರ ನನ್ನ ತಕರಾರಿದೆ.

ಆ ಕಾರನ್ನೇ ತಗೊಳ್ಳಿ. ಹಿಂದಕ್ಕೆ ಎಳೆದು ಬಿಟ್ಟರೆ ಓಡುತ್ತದಲ್ಲ, ಜಾತ್ರೆಯಲ್ಲಿ ಸಿಗುವಂಥದ್ದು. ಥೆರಪಿಸ್ಟ್ ನೆಲದ ಮೇಲೆ ಮಗುವಿನ ಎದುರಿಗೆ ಕೂರುತ್ತಾರೆ. ಮುಖ ಕಾಣಬೇಕು, ಅದಕ್ಕೆ. "ಒಂದು... ಎರಡು... ಮೂರು!" ಕಾರು ಓಡಿತು, ಮಗು ನಕ್ಕಿತು. ಇನ್ನೊಂದು ಸಲ. ಮತ್ತೊಂದು ಸಲ. ಆಮೇಲೆ "ಒಂದು... ಎರಡು..." ಅಂದವರು ಅಲ್ಲಿಗೇ ನಿಲ್ಲಿಸಿ ಬಿಡುತ್ತಾರೆ. ಕಾರು ಕೈಯಲ್ಲೇ ಇದೆ. ಐದು ಸೆಕೆಂಡ್, ಹತ್ತು ಸೆಕೆಂಡ್. ಮಗು ಕಾರು ನೋಡುತ್ತದೆ, ಚಕ್ರ ಮುಟ್ಟುತ್ತದೆ, ಕೊನೆಗೆ ತಲೆಯೆತ್ತಿ ಅವರ ಮುಖ ನೋಡುತ್ತದೆ. ತಕ್ಷಣ ಕಾರು ಬಿಡುತ್ತಾರೆ. ಯಾರ ಮುಖವನ್ನೂ ನೋಡದ ಮಗು ಬೇಕಾದ್ದನ್ನು ಕಣ್ಣಲ್ಲೇ ಕೇಳಿತು. ಮುಂದೆ ಯಾವತ್ತೋ ಆ ಜಾಗದಲ್ಲಿ "ಮೂ" ಅನ್ನೋ ಸದ್ದೂ ಬರಬಹುದು. ಕೊಟ್ಟ ಫೀಸು ಆ ಹತ್ತು ಸೆಕೆಂಡ್ ಬಾಯಿ ಮುಚ್ಚಿಕೊಂಡು ಕಾಯೋದಕ್ಕೆ. ಮಾಡಿ ನೋಡಿ, ಎಷ್ಟು ಕಷ್ಟ ಅಂತ ಗೊತ್ತಾಗುತ್ತದೆ. ನಮ್ಮ ಮನೆಗಳಲ್ಲಂತೂ ಮಗು ಬಾಯಿ ತೆರೆಯೋ ಮೊದಲೇ ಅಜ್ಜಿ ಬೇಕಾದ್ದನ್ನು ಕೈಗೆ ಕೊಟ್ಟಾಗಿರುತ್ತದೆ!

ಗುಳ್ಳೆಯ ಬಾಟಲಿಯದೂ ಇದೇ ಕಥೆ. ಮುಚ್ಚಳವನ್ನು ಬೇಕಂತಲೇ ಬಿಗಿ ಮಾಡಿ ಮಗುವಿಗೆ ಕೊಡುತ್ತಾರೆ. ತೆಗೆಯೋಕೆ ಆಗದೆ ಅದು ವಾಪಸ್ ತಂದುಕೊಟ್ಟರೆ, ಸಹಾಯ ಕೇಳಿದ ಹಾಗೆಯೇ ಲೆಕ್ಕ. ಅಂದಹಾಗೆ, ಗುಳ್ಳೆ ಊದಿ ಊದಿ ಬಾಯಿಗೆ ಶಕ್ತಿ ಬಂದು ಮಾತು ತಾನಾಗೇ ಬರುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ಗಟ್ಟಿ ಪುರಾವೆ ಇಲ್ಲ.

ಆಟದಲ್ಲೇ ಥೆರಪಿ ಮಾಡೋದು ಹೊಸ ಫ್ಯಾಷನ್ನೂ ಅಲ್ಲ. 1920ರ ದಶಕದ ಕೊನೆಯಲ್ಲೇ ಲಂಡನ್ನಿನಲ್ಲಿ ಮಾರ್ಗರೆಟ್ ಲೋವೆನ್‌ಫೆಲ್ಡ್ ಅನ್ನುವ ವೈದ್ಯೆ ಮರಳಿನ ತಟ್ಟೆ, ಪುಟ್ಟ ಮನೆ, ಪ್ರಾಣಿ, ಮನುಷ್ಯರ ಬೊಂಬೆಗಳನ್ನು ಮಕ್ಕಳ ಮುಂದೆ ಇಟ್ಟಿದ್ದರು. ಬಾಯಲ್ಲಿ ಹೇಳಲಾಗದ್ದನ್ನು ಮಕ್ಕಳು ಅದರಲ್ಲಿ ಕಟ್ಟಿ ತೋರಿಸಲಿ ಅಂತ.

ಈಗ ನನಗೆ ಸಿಟ್ಟು ಬರುವ ವಿಷಯಕ್ಕೆ ಬರ್ತೀನಿ. "ಥೆರಪಿ ಕಿಟ್". ಬಣ್ಣದ ಡಬ್ಬ, ಸಾವಿರಾರು ರೂಪಾಯಿ, ಒಳಗೆ ನೋಡಿದರೆ ಉಂಗುರ, ಕ್ಲಿಪ್ಪು, ಮಣಿ. ವಾರಕ್ಕೆ ಒಂದೆರಡು ಸೆಷನ್, ತಲಾ ಮುಕ್ಕಾಲು ಗಂಟೆ. ಉಳಿದಷ್ಟೂ ಹೊತ್ತು ಮಗು ಮನೆಯಲ್ಲೇ ಇರುತ್ತದೆ, ಅಲ್ವಾ? ಹಾಗಿದ್ದ ಮೇಲೆ ಮನೆಯಲ್ಲಿ ಇರೋ ಸಾಮಾನಿನಲ್ಲೇ ಕಲಿಸಬೇಕು. ಮಂಡ್ಯದ ಹಳ್ಳಿ ಮನೆಯಲ್ಲೂ ಬಟ್ಟೆ ಒಣಹಾಕೋ ಕ್ಲಿಪ್ ಇರುತ್ತದೆ. ಹೆಬ್ಬೆರಳು, ತೋರುಬೆರಳಲ್ಲಿ ಅದನ್ನು ಒತ್ತಿ ತೆಗೆಯೋದು ಬೆರಳಿಗೆ ಒಳ್ಳೆಯ ಕೆಲಸ. ಚಪಾತಿ ಹಿಟ್ಟಿನ ಉಂಡೆ ಇದೆ. ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಗಳಿವೆ. ಕೊಳ್ಳಲೇಬೇಕು ಅಂದರೆ ಬೆಂಗಳೂರಿಗೆ ಹೋಗುವ ದಾರಿಯಲ್ಲೇ ಚನ್ನಪಟ್ಟಣ ಇದೆ. ಆಲೆ ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿದ ಉಂಗುರದ ಆಟಿಕೆ ಒಂದು ತಗೊಳ್ಳಿ, ವರ್ಷಗಟ್ಟಲೆ ಬಾಳುತ್ತದೆ.

ಮೈಸೂರಿನವರಿಗೆ ಇನ್ನೊಂದು ಮಾತು. ದಸರಾ ಮುಗಿದ ಮೇಲೆ ಗೊಂಬೆಗಳನ್ನೆಲ್ಲ ಟ್ರಂಕಿಗೆ ತುಂಬುತ್ತೀರಲ್ಲ, ಆ ಶೆಟ್ಟರು-ಶೆಟ್ಟಮ್ಮನನ್ನಾದರೂ ಹೊರಗೆ ಬಿಡಿ. ಎರಡು ಬಟ್ಟಲು ಅಕ್ಕಿ-ಬೇಳೆ ಇಟ್ಟರೆ ಅಂಗಡಿ ಆಟ ರೆಡಿ. "ಏನು ಬೇಕು? ಎಷ್ಟು ಕೊಡಲಿ?" ಅಂತ ಅಮ್ಮ ಕೇಳಿದರೆ ಮಗು ಉತ್ತರ ಕೊಡಲೇಬೇಕು. ಮೂಗು ಒಡೆದರೆ ಒಡೆಯಲಿ, ಮುಂದಿನ ವರ್ಷ ಹಿಂದಿನ ಸಾಲಿನಲ್ಲಿ ಕೂರಿಸಿ.

ಬ್ಯಾಟರಿ ಆಟಿಕೆ ಮಾತ್ರ ನನಗೆ ಸೇರಲ್ಲ. ಬಟನ್ ಒತ್ತಿದರೆ ಇಂಗ್ಲಿಷಿನಲ್ಲಿ ಹಾಡುತ್ತದೆ, ಯಾರಿಗೂ ಕಾಯುವುದಿಲ್ಲ. 2016ರಲ್ಲಿ ಅಮೆರಿಕದ ಒಂದು ಅಧ್ಯಯನ ಹತ್ತರಿಂದ ಹದಿನಾರು ತಿಂಗಳ ಮಕ್ಕಳ 26 ಕುಟುಂಬಗಳನ್ನು ನೋಡಿತ್ತು. ಸದ್ದು ಮಾಡುವ ಎಲೆಕ್ಟ್ರಾನಿಕ್ ಆಟಿಕೆ ಕೈಯಲ್ಲಿದ್ದಾಗ ಅಪ್ಪ-ಅಮ್ಮನೇ ಕಡಿಮೆ ಮಾತಾಡುತ್ತಿದ್ದರು. ಪುಸ್ತಕ, ಮರದ ಪಜಲ್ ಇದ್ದಾಗ ಜಾಸ್ತಿ. ಬೊಂಬೆ ಮಾತಾಡುತ್ತಿದ್ದರೆ ನಾವು ಸುಮ್ನೆ ಕೂರ್ತೀವಿ. ಸಾಲದ್ದಕ್ಕೆ ಅದರೊಳಗಿನ ಬಟನ್ ಸೆಲ್, ಅಂದರೆ ಅಂಗಿ ಗುಂಡಿಯಂಥ ಪುಟ್ಟ ಬ್ಯಾಟರಿ. ಮಗು ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡಬಹುದು. ಮೂರು ವರ್ಷದೊಳಗಿನ ಮಕ್ಕಳಿಗೆ ಗೋಲಿ, ಕವಡೆ, ಸಣ್ಣ ಮಣಿಯೂ ಬೇಡ.

ಹಾಗಂತ "ಮನೆಯಲ್ಲೇ ಡಬ್ಬ ಜೋಡಿಸ್ತೀವಿ, ಥೆರಪಿ ಯಾಕೆ" ಅನ್ನಬೇಡಿ. ಹದಿನಾರು ತಿಂಗಳಿಗೆ ಒಂದು ಪದವೂ ಇಲ್ಲ, ಎರಡು ವರ್ಷಕ್ಕೆ ಎರಡು ಪದ ಸೇರಿಸಿ ಹೇಳ್ತಿಲ್ಲ ಅಂದರೆ, "ಗಂಡುಮಕ್ಕಳಿಗೆ ಮಾತು ತಡ ಕಣೋ" ಅನ್ನೋ ದೊಡ್ಡಪ್ಪನ ಮಾತು ಕೇಳಿಕೊಂಡು ಕೂರಬೇಡಿ. ಮೊದಲು ಕಿವಿ ಪರೀಕ್ಷೆ ಮಾಡಿಸಿ. 1965ರಿಂದ ಇದೇ ಕೆಲಸಕ್ಕೆ ಇರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಎಲ್ಲೆಲ್ಲಿಂದಲೋ ಜನ ಅಲ್ಲಿಗೆ ಬರುತ್ತಾರೆ.

ಥೆರಪಿಗೆ ಹೋಗ್ತಾ ಇದ್ದೀರಾ? ಸೆಷನ್ ಮುಗಿದ ಮೇಲೆ ಕೇಳಿ. "ಮೇಡಂ, ಇವತ್ತಿನ ಆಟದಲ್ಲಿ ಏನು ಕಲಿಸ್ತಾ ಇದ್ರಿ? ಮನೇಲಿ ಇದನ್ನ ಯಾವುದರಲ್ಲಿ ಮಾಡ್ಲಿ?" ಕೆಲಸ ಗೊತ್ತಿರುವವರು ನಿಮ್ಮನ್ನೂ ನೆಲದ ಮೇಲೆ ಕೂರಿಸಿ ತೋರಿಸುತ್ತಾರೆ. ನೀವು ಒಳಗೆ ಬರೋ ಹಾಗಿಲ್ಲ, ಕಿಟ್ ಮಾತ್ರ ಕೌಂಟರಿನಲ್ಲಿ ತಗೊಳ್ಳಿ ಅಂದರೆ, ಬೇರೆ ಸೆಂಟರ್ ನೋಡಿಕೊಳ್ಳಿ.